ಷಷ್ಠೀ ವಿಭಕ್ತಿ ಮತ್ತು ಲೋಕದ ನುಡಿ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕೆಲವು ದಿನಗಳ ಹಿಂದೆ ಏಳನೆಯ ತರಗತಿಯಲ್ಲಿ ವಿಭಕ್ತಿಗಳ ಪಾಠ ನಡೆದಿತ್ತು. ಬಾಲಕನೊಬ್ಬನು ಎದ್ದು ನಿಂತು, “ಗುರುಗಳೇ, ಷಷ್ಠಿಗೆ ‘ಅ’ ಒಂದೇ ಪ್ರತ್ಯಯವೆಂದಿರಿ. ಹಾಗಾದರೆ ಮರದ, ಮನೆಯ, ಗುರುವಿನ ಎಂದು ರೂಪಗಳು ಬೇರೆಬೇರೆ ಏಕೆ? ಈ ತೊಡಕಿಲ್ಲದ ಭಾಷೆಯೊಂದನ್ನು ಯಾರಾದರೂ ಮಾಡಬಾರದಿತ್ತೆ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಆದರೆ ಅದು ನಗತಕ್ಕ ಪ್ರಶ್ನೆಯಲ್ಲ. ಅಂತಹ ಭಾಷೆಯನ್ನು ಮಾಡಿದವರುಂಟು.

ಜರ್ಮನಿಯ ಪಾದ್ರಿ ಯೋಹಾನ್ ಮಾರ್ಟಿನ್ ಶ್ಲೈಯರ್ ಎಂಬುವರು ಸಕಲ ಜನಾಂಗಗಳಿಗೂ ಸಮಾನವಾದ ಭಾಷೆ ಬೇಕೆಂದು 1879ರಲ್ಲಿ ‘ವೊಲಪ್ಯೂಕ್’ ಎಂಬುದನ್ನು ನಿರ್ಮಿಸಿದರು. ‘ವೊಲ್’ ಎಂದರೆ ಲೋಕ, ‘ಪ್ಯೂಕ್’ ಎಂದರೆ ನುಡಿ. ನಡುವೆ ಸೇರಿದ ‘ಅ’ ಯಾವುದು? ಅದೇ ಷಷ್ಠೀ ಪ್ರತ್ಯಯ! ‘ವೊಲಪ್ಯೂಕ್’ ಎಂದರೆ ಲೋಕದ ನುಡಿ. ನಮ್ಮ ‘ಅ’ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಇದು ಕೇವಲ ಕಾಕತಾಳೀಯ.

ಆ ಭಾಷೆಯಲ್ಲಿ ‘ದೊಮ್’ ಎಂದರೆ ಮನೆ. ದೊಮ, ದೊಮೆ, ದೊಮಿ ಎಂದರೆ ಕ್ರಮವಾಗಿ ಮನೆಯ, ಮನೆಗೆ, ಮನೆಯನ್ನು. ‘ಫತ್’ ತಂದೆ, ‘ಫತ’ ತಂದೆಯ. ‘ದೊಮ್ ಫತ’ ಎಂದರೆ ತಂದೆಯ ಮನೆ. ಒಡೆತನದ ಪದವು ಅಲ್ಲಿ ಹಿಂದೆ ಬರುತ್ತದೆ. ‘ಒಬ್’ ನಾನು, ‘ಒಬ’ ನನ್ನ. ಬಹುವಚನದ ‘ಸ್’ ವಿಭಕ್ತಿಯ ನಂತರ ಸೇರಿ ‘ಫತಸ್’, ಅಂದರೆ ತಂದೆಗಳ, ಎಂದಾಗುತ್ತದೆ. ನಮ್ಮ ‘ಮರಗಳ’ ಎಂಬಲ್ಲಿ ಬಹುವಚನ ಮೊದಲು, ವಿಭಕ್ತಿ ಕೊನೆಗೆ.

ನಮ್ಮ ಗಡಿಭಾಗದ ಮಕ್ಕಳು ಮರಾಠಿಯನ್ನೂ ಬಲ್ಲರು. ಅಲ್ಲಿ ರಾಮಾಚಾ ಘೋಡಾ, ರಾಮಾಚೀ ಗಾಯ್, ರಾಮಾಚೇ ಘರ್ ಎಂದು, ಒಡೆಯನೊಬ್ಬನೇ ಆದರೂ ವಸ್ತುವಿನ ಲಿಂಗಕ್ಕೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಕನ್ನಡದಲ್ಲಿ ಕುದುರೆಯಾಗಲಿ, ಆಕಳಾಗಲಿ, ಮನೆಯಾಗಲಿ, ‘ರಾಮನ’ ಎಂಬ ಒಂದೇ ರೂಪ ಸಾಕು. ಇನ್ನು ಆ ಬಾಲಕನ ತೊಡಕು. ‘ಮನೆ ಅ’, ‘ಮರ ಅ’ ಎಂದು ಒಟ್ಟಿಗೆ ಉಚ್ಚರಿಸಿ ನೋಡಿರಿ, ನಾಲಗೆ ತಡೆಯುತ್ತದೆ. ಆದುದರಿಂದಲೇ ಯಕಾರ, ದಕಾರ, ಇನ ಎಂಬ ಆಗಮಗಳು ನಡುವೆ ಬಂದು ಸೇತುವೆ ಕಟ್ಟುತ್ತವೆ. ಇದು ಅವ್ಯವಸ್ಥೆಯಲ್ಲ, ತಲೆತಲಾಂತರದಿಂದ ಆಡಿದವರ ಬಾಯಿ ಮಾಡಿಕೊಂಡ ವ್ಯವಸ್ಥೆ.

ಅಪವಾದವಿಲ್ಲದ ಆ ಷಷ್ಠಿಯುಳ್ಳ ಭಾಷೆಯ ಗತಿ ಏನಾಯಿತು? 1889ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಸಮ್ಮೇಳನವು ಅದೇ ಭಾಷೆಯಲ್ಲಿ ನಡೆಯಿತು. ಆದರೆ ಸುಧಾರಣೆಗಳ ವಿಚಾರವಾಗಿ ಕಲಹವೆದ್ದಿತು. ಕೊನೆಯ ಮಾತು ತಮ್ಮದೇ ಎಂದು ಶ್ಲೈಯರರು ಪಟ್ಟುಹಿಡಿದರು. ಅನುಯಾಯಿಗಳು ಒಡೆದು ಚದರಿದರು. ಅದಕ್ಕೆ ಎರಡು ವರ್ಷ ಮೊದಲು, 1887ರಲ್ಲಿ, ವಾರ್ಸಾದ ನೇತ್ರವೈದ್ಯ ಜಾಮೆನ್‌ಹಾಫರು ‘ಎಸ್ಪೆರಾಂಟೊ’ ಎಂಬ ಇನ್ನೊಂದು ಭಾಷೆಯನ್ನು ಪ್ರಕಟಿಸಿದ್ದರು. ಅದರ ನಾಮಪದಗಳಿಗೆ ಷಷ್ಠೀ ಪ್ರತ್ಯಯವೇ ಇಲ್ಲ. ‘ದೆ’ ಎಂಬ ಪದವನ್ನು ಮುಂದಿಟ್ಟು ‘ಲ ದೊಮೊ ದೆ ಲ ಪತ್ರೊ’, ಅಂದರೆ ತಂದೆಯ ಮನೆ, ಎನ್ನುತ್ತಾರೆ. ಆದರೆ ಅವರು ಮೊದಲ ಪುಸ್ತಕದಲ್ಲಿಯೇ, ಭಾಷೆಯು ತಮ್ಮ ಸ್ವತ್ತಲ್ಲ, ಎಲ್ಲರದೂ ಹೌದೆಂದು ಸಾರಿ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. ಎಸ್ಪೆರಾಂಟೊ ಇಂದಿಗೂ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಕಾರಣಗಳು ಹಲವಿರಬಹುದು. ಈ ಔದಾರ್ಯವೂ ಅವುಗಳಲ್ಲೊಂದೆಂದು ನನ್ನ ಭಾವನೆ.

ಪೋಷಕರೇ, ‘ನಮ್ಮ ಭಾಷೆ’ ಎನ್ನುವಾಗ ನಾವೂ ಷಷ್ಠಿಯನ್ನೇ ಪ್ರಯೋಗಿಸುತ್ತೇವೆ. ಆದರೆ ಭಾಷೆಯ ಒಡೆತನ ಹೊಲದ ಒಡೆತನದಂತಲ್ಲ. ಉತಾರೆಯಲ್ಲಿ ಹೆಸರಿದ್ದರೆ ಹೊಲ ನಮ್ಮದು. ಭಾಷೆಯಾದರೋ ಆಡಿದಷ್ಟೇ, ಬರೆದಷ್ಟೇ ನಮ್ಮದು. ಮಕ್ಕಳು ಶಾಲೆಯಲ್ಲಿ ಕಲಿತ ಕನ್ನಡವು ಮನೆಯ ಲೆಕ್ಕದ ಪುಸ್ತಕದಲ್ಲಿ, ನೆಂಟರಿಗೆ ಬರೆಯುವ ಕಾಗದದಲ್ಲಿ, ರಾತ್ರಿಯ ಊಟದ ಮಾತಿನಲ್ಲಿ ಬಳಕೆಯಾಗಲಿ. ಆಗ ‘ನಮ್ಮ’ ಎಂಬ ಪದ ಬರಿಯ ವ್ಯಾಕರಣವಾಗಿ ಉಳಿಯದು.