ಆರು ಮಕ್ಕಳು, ಒಂದು ಮೇಜು: ಕೊಡಗಿನ ಮಳೆಯಲ್ಲಿ ಟಚ್ ಟೇಬಲ್ ಕಟ್ಟೋದು

ಇದನ್ನ ಕೇಳ್ತಾ ಇರೋ ಹಾಗೇ ಮನೆಯ ಟಿವಿ ರಿಮೋಟ್ ಕೈಗೆ ತಗೊಳ್ಳಿ. ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ಮೂತಿಯನ್ನ ಅದರ ಎದುರು ಹಿಡಿದು ಯಾವುದಾದ್ರೂ ಬಟನ್ ಒತ್ತಿ. ಬಹಳಷ್ಟು ಫೋನ್‌ಗಳಲ್ಲಿ ನೇರಳೆ ಬಣ್ಣದ ಚುಕ್ಕೆಯೊಂದು ಮಿನುಗುತ್ತೆ. ಬರಿಗಣ್ಣಿಗೆ ಮಾತ್ರ ಏನೂ ಕಾಣಲ್ಲ. ಅದೇ ಇನ್‌ಫ್ರಾರೆಡ್, ಅವಕೆಂಪು ಬೆಳಕು. ಇವತ್ತು ನಾನು ಹೇಳೋ ಮೇಜು ನಿಂತಿರೋದೇ ಆ ಕಾಣದ ಬೆಳಕಿನ ಮೇಲೆ.

ನಾಪೋಕ್ಲು ಕಡೆಯ ನಮ್ಮೂರಲ್ಲಿ ನಾವು ನಾಲ್ಕು ಜನ ಸೇರಿ ಮಕ್ಕಳಿಗಾಗಿ ಇದನ್ನ ಕಟ್ತಾ ಇದ್ದೀವಿ. ಮೂರು ಅಡಿ ಉದ್ದ, ಎರಡು ಅಡಿ ಅಗಲ. ಮೇಲೆ ಕಾವೇರಿಯ ನಕ್ಷೆ, ತಲಕಾವೇರಿಯಿಂದ ಸಮುದ್ರದವರೆಗೆ. ಸುತ್ತ ಆರು ಮಕ್ಕಳು ನಿಂತು ಒಟ್ಟಿಗೇ ಮುಟ್ಟಬಹುದು.

‘ಒಟ್ಟಿಗೇ’ ಅನ್ನೋದೇ ಇಲ್ಲಿ ಮುಖ್ಯ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರು 2006ರ ಹೊತ್ತಿಗೆ ಹಳ್ಳಿ ಶಾಲೆಗಳಲ್ಲಿ ಒಂದು ವಿಷಯ ಗಮನಿಸಿದ್ರು. ಒಂದು ಕಂಪ್ಯೂಟರ್ ಸುತ್ತ ಹಲವು ಮಕ್ಕಳು ಸೇರಿದ್ರೂ ಮೌಸ್ ಒಬ್ಬರ ಕೈಲೇ ಉಳಿಯುತ್ತೆ, ಉಳಿದವರು ಬರೀ ನೋಡ್ತಾರೆ. ಅದಕ್ಕೆ ಅವರು ಪ್ರತಿ ಮಗುವಿಗೂ ಒಂದೊಂದು ಮೌಸ್ ಕೊಟ್ಟು, ಪರದೆ ಮೇಲೆ ಬೇರೆ ಬೇರೆ ಬಣ್ಣದ ಬಾಣ ಓಡಾಡೋ ಹಾಗೆ ಮಾಡಿದ್ರು. ಮಲ್ಟಿಪಾಯಿಂಟ್ ಅಂತ ಅದರ ಹೆಸರು. ನಮ್ಮದು ಅದೇ ಆಸೆ, ಮೌಸ್ ಬದಲು ಬೆರಳು.

ವಿಧಾನ ನಮ್ಮದಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಯ ಜೆಫ್ ಹಾನ್ 2005ರಲ್ಲಿ ಪ್ರಕಟಿಸಿದ್ದು, ಐಫೋನ್ ಬರೋಕೆ ಎರಡು ವರ್ಷ ಮೊದಲು. ಕೆರೆಯಲ್ಲಿ ಮುಳುಗಿ ಓರೆಯಾಗಿ ಮೇಲೆ ನೋಡಿದ್ದೀರಾ? ನೀರಿನ ಮೇಲ್ಮೈ ಕನ್ನಡಿ ಥರ ಕಾಣುತ್ತೆ. ದಪ್ಪ ಅಕ್ರಿಲಿಕ್ ಶೀಟಿನ ಅಂಚಿನಿಂದ ಬೆಳಕು ಬಿಟ್ರೂ ಹಾಗೇ ಆಗುತ್ತೆ. ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿಯೋ ಕಿರಣ ಹೊರಗೆ ಬರೋಕಾಗದೆ ಒಳಗೇ ಪುಟಿಯುತ್ತಾ ಓಡಾಡುತ್ತೆ. ಬೆರಳು ಒತ್ತಿದ ಜಾಗದಲ್ಲಿ ಮಾತ್ರ ಅದು ತಪ್ಪಿಸಿಕೊಂಡು, ಬೆರಳಿಗೆ ಬಡಿದು ಕೆಳಗೆ ಚದುರುತ್ತೆ. ಕೆಳಗಿರೋ ಕ್ಯಾಮೆರಾಕ್ಕೆ ಆ ಜಾಗ ಹೊಳೆಯೋ ಚುಕ್ಕೆ. ಹತ್ತು ಬೆರಳಾದ್ರೆ ಹತ್ತು ಚುಕ್ಕೆ, ಲೆಕ್ಕಕ್ಕೆ ಮಿತಿ ಇಲ್ಲ.

ಗಾಜು ಯಾಕೆ ಬೇಡ ಅಂತ ಎಲ್ಲರೂ ಕೇಳ್ತಾರೆ. ಕಿಟಕಿ ಗಾಜಿನ ಅಂಚನ್ನ ನೋಡಿ, ಹಸಿರಾಗಿರುತ್ತೆ. ಅದು ಗಾಜಿನೊಳಗಿನ ಕಬ್ಬಿಣದ ಅಂಶ. ಅವಕೆಂಪು ಬೆಳಕನ್ನ ಅದು ನುಂಗುತ್ತೆ, ಮೂರು ಅಡಿ ಹೋಗೋಷ್ಟರಲ್ಲಿ ಬೆಳಕು ಸೊರಗುತ್ತೆ. ಅದಕ್ಕೇ 10 ಮಿಲಿಮೀಟರ್ ಅಕ್ರಿಲಿಕ್. ತೂಕ ಆರೂವರೆ ಕಿಲೋ ಮೇಲೆ ಬರುತ್ತೆ. ಗರಗಸದಲ್ಲಿ ಕೊಯ್ದ ಅಂಚು ಮಂಜು ಮಂಜಾಗಿರುತ್ತೆ, ಬೆಳಕು ಒಳಗೆ ಹೋಗೋ ಬಾಗಿಲೇ ಅದು. ವಾಟರ್ ಪೇಪರ್ 400, 600, 1000 ಅಂತ ನೀರು ಹಾಕ್ಕೊಂಡು ಉಜ್ಜಿ, ಕೊನೆಗೆ ಹಿತ್ತಾಳೆ ಪಾಲಿಶ್. ಬೇಜಾರಿನ ಕೆಲಸ, ಆದ್ರೆ ಮಳೆಗೆ ರಜೆ ಸಿಕ್ಕ ದಿನ ಮಕ್ಕಳ ಕೈಲೇ ಮಾಡಿಸಬಹುದು.

ಈಗ ದೀಪ. 850 ನ್ಯಾನೋಮೀಟರ್ ಎಲ್‌ಇಡಿ ತಗೊಳ್ಳಿ, 940 ಬೇಡ. 940ರಲ್ಲಿ ಸಾಮಾನ್ಯ ವೆಬ್‌ಕ್ಯಾಮ್ ಅರೆಗುರುಡು. ಉದ್ದದ ಎರಡೂ ಅಂಚಿಗೆ ಇಂಚಿಗೊಂದರಂತೆ 36, ಒಟ್ಟು 72. ಅಂತರ್ಜಾಲದಲ್ಲಿ 12 ವೋಲ್ಟಿಗೆ ಏಳೆಂಟು ಎಲ್‌ಇಡಿ ಸಾಲಾಗಿ ಹಾಕಿ ಅಂತಾರೆ. ಅಡಾಪ್ಟರಿಗೆ ಅದು ಸರಿ. ನಮ್ಮಲ್ಲಿ ಆಟಿಯ ಮಳೆಗೆ ಒಂದು ಕೊಂಬೆ ಬಿದ್ರೆ ಕರೆಂಟಿಗೆ ದಿನಗಟ್ಟಲೆ ಕಾಯಬೇಕು, ಹಾಗಾಗಿ ಮೇಜು ಬ್ಯಾಟರಿ ಮೇಲೆ ಓಡಬೇಕು. ಬ್ಯಾಟರಿ ಚಾರ್ಜ್ ಆಗೋವಾಗ 14 ವೋಲ್ಟ್ ದಾಟುತ್ತೆ. ಅದಕ್ಕೆ ಆರು ಎಲ್‌ಇಡಿ ಒಂದು ಸಾಲು, ಸಾಲಿಗೊಂದು 68 ಓಮ್, ಅರ್ಧ ವ್ಯಾಟ್ ರೆಸಿಸ್ಟರ್. 12 ವೋಲ್ಟಲ್ಲಿ ಸಾಲಿಗೆ ಸುಮಾರು 44 ಮಿಲಿ ಆಂಪಿಯರ್ ಹರಿಯುತ್ತೆ, 14.4ಕ್ಕೆ ಏರಿದ್ರೂ 80ರೊಳಗೆ. ಹನ್ನೆರಡು ಸಾಲಿಗೆ ಸೇರಿ ಅರ್ಧ ಆಂಪಿಯರ್ ಚಿಲ್ಲರೆ. ಪ್ರೊಜೆಕ್ಟರ್ ತಿನ್ನೋದರ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಇನ್ನೊಂದು ದಾರಿ ಇದೆ, ಅಗ್ಗ, ಸುಲಭ. ನಾಲ್ಕು ಮೂಲೆಗೆ ಅವಕೆಂಪು ಲೇಸರ್ ಇಟ್ಟು, ಮೇಲ್ಮೈಗೆ ತಾಗಿದಂತೆ ಬೆಳಕಿನ ತೆಳು ಹಾಳೆ ಹಾಸೋದು. ಆಗ ದಪ್ಪ ಅಕ್ರಿಲಿಕ್ ಬೇಡ, ಪಾಲಿಶ್ ಬೇಡ, ಕಿಟಕಿ ಗಾಜೇ ಸಾಕು. ನಮ್ಮ ಗುಂಪಲ್ಲಿ ಇದಕ್ಕೇ ದೊಡ್ಡ ಜಗಳ ಆಯ್ತು. ಕೆಂಪು ಲೇಸರ್ ಕಣ್ಣಿಗೆ ಬಿದ್ರೆ ನಾವು ಥಟ್ಟನೆ ಕಣ್ಣು ಮುಚ್ತೀವಿ. ಅವಕೆಂಪು ಲೇಸರ್ ಬಿದ್ರೆ ಕಣ್ಣಿಗೆ ಗೊತ್ತೇ ಆಗಲ್ಲ, ರೆಪ್ಪೆ ಮುಚ್ಚಲ್ಲ, ಅಕ್ಷಿಪಟಲ ಸುಟ್ಟರೂ ನೋವಿಲ್ಲ. ಮೇಜಿನ ಎತ್ತರ ಎರಡು ಅಡಿ. ಏಳು ವರ್ಷದ ಮಗು ಗಲ್ಲ ಊರಿ ನೋಡಿದ್ರೆ ಕಣ್ಣು ಎಲ್ಲಿರುತ್ತೆ? ಸರಿಯಾಗಿ ಆ ಹಾಳೆಯ ಮಟ್ಟದಲ್ಲೇ. ದೊಡ್ಡವರು ಸುರಕ್ಷತಾ ಕನ್ನಡಕ ಹಾಕ್ಕೊಂಡು ತಮ್ಮ ಕೋಣೆಯಲ್ಲಿ ಏನಾದ್ರೂ ಮಾಡ್ಕೊಳ್ಳಲಿ, ಮಕ್ಕಳ ಮೇಜಿಗೆ ಲೇಸರ್ ಬೇಡ ಅಂತ ನಾನು ಹಟ ಹಿಡಿದೆ. ಎಲ್‌ಇಡಿ ಅಂಚಿಗೂ ಮರದ ಪಟ್ಟಿ ಮುಚ್ಚಿದ್ದೀವಿ.

ಮರ ಅಂದೆ. ಅಗ್ಗದ ಪ್ಲೈವುಡ್ ಜೂನ್‌ಗೆ ಊದಿಕೊಂಡು ಪದರ ಬಿಡುತ್ತೆ. ತೋಟದ ಸಿಲ್ವರ್ ಓಕ್ ಒಣಗಿಸಿಟ್ಟಿದ್ರೆ ಅದೇ ಸಾಕು.

ಮಳೆಗೆ ಅದಕ್ಕಿಂತ ಬೇಗ ಸೋಲೋದು ಚಿತ್ರ ಬೀಳೋ ಪರದೆ. ಟ್ರೇಸಿಂಗ್ ಪೇಪರ್ ಚಿತ್ರವನ್ನ ಚೆನ್ನಾಗಿ ಹಿಡಿಯುತ್ತೆ, ಆದ್ರೆ ತೇವ ಕುಡಿದು ಹಪ್ಪಳದ ಹಾಗೆ ಅಲೆ ಅಲೆಯಾಗುತ್ತೆ. ಎಂಜಿನಿಯರುಗಳು ನಕ್ಷೆ ಬರೀತಿದ್ದ ಪಾಲಿಯೆಸ್ಟರ್ ಡ್ರಾಫ್ಟಿಂಗ್ ಫಿಲ್ಮ್ ಅಷ್ಟು ತೇವ ಕುಡಿಯಲ್ಲ. ಅದರ ಅಡಿಗೆ ತೆಳುವಾಗಿ ಸಿಲಿಕೋನ್ ಬಳಿದು, ಒಣಗಿದ ಮೇಲೆ ಆ ಮುಖ ಅಕ್ರಿಲಿಕ್ ಮೇಲೆ ಬರೋ ಹಾಗೆ ಹಾಸಿ. ಜನವರಿಯ ಒಣ ಬೆರಳು ಬರೀ ಅಕ್ರಿಲಿಕ್ ಮೇಲೆ ಸರಿಯಾಗಿ ಹಿಡಿಯಲ್ಲ, ಮಳೆಗಾಲದ ಒದ್ದೆ ಬೆರಳು ಎತ್ತಿದ ಮೇಲೂ ಹೊಳೆಯೋ ಕಲೆ ಬಿಡುತ್ತೆ. ಸಿಲಿಕೋನ್ ಎರಡಕ್ಕೂ ಮದ್ದು. ಒದ್ದೆ ಕೈಯಲ್ಲಿ ಫೋನ್ ಹೇಗೆ ಹುಚ್ಚು ಹುಚ್ಚಾಗಿ ಆಡುತ್ತೆ ಅಂತ ನಿಮಗೆ ಗೊತ್ತೇ ಇದೆ.

ಕ್ಯಾಮೆರಾ: ಹಳೇ ವೆಬ್‌ಕ್ಯಾಮ್ ಬಿಚ್ಚಿದ್ರೆ ಲೆನ್ಸ್ ಹಿಂದೆ ಒಂದು ಚೂರು ಗಾಜು ಇರುತ್ತೆ, ಅವಕೆಂಪು ತಡೆಯೋಕೆ. ಅದನ್ನ ತೆಗೆದು, ಹಳೇ ಸ್ಟುಡಿಯೋದಲ್ಲಿ ಸಿಗೋ ತೊಳೆದ ಕಲರ್ ನೆಗೆಟಿವ್‌ನ ಕಪ್ಪು ತುದಿಯನ್ನ ಎರಡು ಪದರ ಇಡಿ. ನಮ್ಮ ಕಣ್ಣಿಗೆ ಕಪ್ಪಾದ್ರೂ ಅವಕೆಂಪಿಗೆ ಅದು ಕಿಟಕಿ. ಮೇಜಿನ ಮೇಲಿನ ನಕ್ಷೆ ಕ್ಯಾಮೆರಾಕ್ಕೆ ಕಾಣಲ್ಲ, ಬೆರಳು ಮಾತ್ರ ಕಾಣುತ್ತೆ. ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇರಲಿ.

ಕೊನೇದು ಕೋಣೆಯ ಬೆಳಕು. ಎಲ್‌ಇಡಿ ಟ್ಯೂಬ್‌ಲೈಟ್‌ನಲ್ಲಿ ಅವಕೆಂಪು ಇಲ್ಲವೇ ಇಲ್ಲ ಅನ್ನಬಹುದು. ಹಳೇ ಬುರುಡೆ ಬಲ್ಬಿನಲ್ಲಿ ಅದೇ ಜಾಸ್ತಿ, ತೆಗೆದುಬಿಡಿ. ಬಿಸಿಲಿನಲ್ಲೂ ಧಾರಾಳ. ನಮ್ಮ ಕೋಣೆಯ ಮಾಡಿನಲ್ಲಿ ಎರಡು ಗಾಜಿನ ಹೆಂಚು ಇದೆ. ಮೋಡ ಸರಿದ ಕೂಡಲೇ ಅಲ್ಲಿಂದ ಬೀಳೋ ಬಿಸಿಲಿನ ತುಂಡು ಮೇಜಿನ ಮೇಲೆ ಮೆಲ್ಲಗೆ ಜರುಗುತ್ತೆ, ಕ್ಯಾಮೆರಾ ಅದನ್ನ ಏಳನೇ ಮಗುವಿನ ಅಂಗೈ ಅಂದ್ಕೊಂಡು ಕಾವೇರಿಯನ್ನ ಅರಬ್ಬೀ ಸಮುದ್ರದ ಕಡೆ ಎಳೆಯುತ್ತೆ. ಕಟ್ಟೋ ಮೊದಲೇ ಪರೀಕ್ಷೆ ಮಾಡ್ಕೊಳ್ಳಿ: ಪ್ರೊಜೆಕ್ಟರ್, ಎಲ್‌ಇಡಿ ಎರಡೂ ಆರಿಸಿ, ಕ್ಯಾಮೆರಾ ಮಾತ್ರ ಇಟ್ಟು, ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಫೋಟೋ. ಚಿತ್ರ ಕಪ್ಪಗೆ ಬಂದ ಹೊತ್ತಲ್ಲಿ ಮಾತ್ರ ಮೇಜು ಓಡುತ್ತೆ. ನಾವು ಹೆಂಚಿನ ಕೆಳಗೆ ಜಾರಿಸಿ ತೆಗೆಯೋ ಹಾಗೆ ಒಂದು ತಗಡು ಹೊಂದಿಸಿದ್ದೀವಿ. ಚುಕ್ಕೆಗಳನ್ನ ನಕ್ಷೆಗೆ ಜೋಡಿಸೋ ಸಾಫ್ಟ್‌ವೇರ್ ಬಗ್ಗೆ ಮುಂದಿನ ಕಂತಲ್ಲಿ ಹೇಳ್ತೀನಿ.