ಶಾಸನದ ಅಂಕೆ, ಕಂಪ್ಯೂಟರಿನ ಅಂಕೆ

ಹಾಸನಕ್ಕೆ ಹತ್ತಿರದ ಕೊರವಂಗಲದಲ್ಲಿ ಬೂಚೇಶ್ವರ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ ಸಂಭ್ರಮಕ್ಕೆಂದು ಅಧಿಕಾರಿ ಬೂಚಿರಾಜ 1173ರಲ್ಲಿ ಕಟ್ಟಿಸಿದ ಗುಡಿ ಅದು. ಆಗ ಶಕವರ್ಷ 1095, ವಿಜಯ ಸಂವತ್ಸರ. ಹೊಯ್ಸಳರ ಎಷ್ಟೋ ಶಾಸನಗಳಲ್ಲಿ ಶಕವರ್ಷವನ್ನು ಕನ್ನಡ ಅಂಕೆಗಳಲ್ಲೇ ಕೊರೆದಿದ್ದಾರೆ. ಆ ಅಂಕೆಗಳು ಕಂಪ್ಯೂಟರಿಗೆ ಹೇಗೆ ಬಂದವು ಎಂಬುದೇ ಇವತ್ತಿನ ಮಾತು.

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಬೇಕು. ಮೊದಲಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡವನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಕಡತ ತೆರೆದರೆ ಬರೀ ಗೋಜಲು. 1991ರಲ್ಲಿ, ಜಗತ್ತಿನ ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ ಸೊನ್ನೆಯಿಂದ ಒಂಬತ್ತರವರೆಗೆ ನಮ್ಮ ಹತ್ತೂ ಅಂಕೆಗಳಿಗೆ ಸ್ವಂತ ಸಂಕೇತ ಸಿಕ್ಕಿತು.

ಅಲಂಕಾರದ ಅಂಕೆಗಳೂ ಅದರಲ್ಲೇ ಸೇರಿದವು. ಜರ್ಮನಿಯ ಅಕ್ಷರವಿನ್ಯಾಸಕಾರ ಹರ್ಮನ್ ಜಾಫ್ ರೂಪಿಸಿದ ಚಿತ್ರಗುರುತುಗಳ ಫಾಂಟ್ 1978ರಲ್ಲಿ ಹೊರಬಂದು, ಆಮೇಲೆ ಆಪಲ್ ಕಂಪನಿಯ ಲೇಸರ್ ಪ್ರಿಂಟರಿನೊಂದಿಗೆ ಮನೆಮಾತಾಯಿತು. ಅದರಲ್ಲಿ ದುಂಡಿನೊಳಗೆ ಒಂದರಿಂದ ಹತ್ತು, ನಾಲ್ಕು ಬಗೆಯಲ್ಲಿ, ಒಟ್ಟು 40. ಯೂನಿಕೋಡಿನಲ್ಲಿ ಒಂದೊಂದಕ್ಕೂ ಬೇರೆ ಸಂಕೇತ! ದುಂಡು ಸುತ್ತಿದ ಕನ್ನಡ ಅಂಕೆಗೆ ಅಂಥದ್ದಿಲ್ಲ. ಇಲ್ಲದಿದ್ದರೂ ನಷ್ಟವಿಲ್ಲ, ಪುಟ ಕಟ್ಟುವವರು ಸುತ್ತಿಕೊಳ್ಳಬಹುದು.

ಉಳಿಯಲೇಬೇಕಾದದ್ದು ಶಾನುಭೋಗರ ಲೆಕ್ಕದ ಗುರುತುಗಳು. ಕಾಲಿಗೆ ಒಂದು ನೆಟ್ಟನೆಯ ಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಹದಿನಾರರಲ್ಲೊಂದು ಪಾಲಾದ ವೀಸಕ್ಕೆ ಬೇರೆಯೇ ಗುರುತು. ಕಂದಾಯವೆಂದರೂ ಕಾಳೆಂದರೂ ಲೆಕ್ಕ ನಿಂತಿದ್ದು ಇವುಗಳ ಮೇಲೆ. ಇವು ಯೂನಿಕೋಡಿಗೆ ಬಂದದ್ದು 2009ರಲ್ಲಿ, 5.2ನೇ ಆವೃತ್ತಿಯಲ್ಲಿ. ಅಲ್ಲಿ ಇವುಗಳಿಗೆ ಉತ್ತರ ಭಾರತದ ಭಿನ್ನರಾಶಿಗಳೆಂದೇ ಹೆಸರು. ಆದರೂ ಇವನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ದುಂಡಿನ ಅಂಕೆಗೆ ಮೊದಲ ದಿನವೇ ಸಿಕ್ಕಿದ ಜಾಗ ನಮ್ಮ ಕಾಲು, ಅರೆ, ಮುಕ್ಕಾಲಿಗೆ ಸಿಗಲು ಹದಿನೆಂಟು ವರ್ಷ ಹಿಡಿಯಿತು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಸೊನ್ನೆ ಬರೆಯಬೇಕಾದಲ್ಲಿ ಅನುಸ್ವಾರ ಒತ್ತಬೇಡಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗೆ ಬರೆದ ಇಸವಿ ನಾಳೆ ಹುಡುಕಿದರೆ ಸಿಗುವುದಿಲ್ಲ. ಇನ್ನು, ಮನೆಯ ಅಟ್ಟದಲ್ಲಿ ಹಿರಿಯರ ಲೆಕ್ಕದ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಆ ಗೆರೆಗಳನ್ನು ಓದಬಲ್ಲ ಹಿರಿಯರು ಇರುವಾಗಲೇ ಪುಟಗಳ ಫೋಟೋ ತೆಗೆದು, ಪಕ್ಕದಲ್ಲಿ ಅರ್ಥ ಬರೆಸಿಡಿ.