ರ‍್ಯಾಂಕುಗಳ ಜಮಾಖರ್ಚು



ಫಲಿತಾಂಶದ ದಿನಗಳಲ್ಲಿ ಹೈದರಾಬಾದಿನ ದಿನಪತ್ರಿಕೆಗಳ ಮುಖಪುಟವನ್ನು ತುಂಬುವುದು ಸುದ್ದಿಯಲ್ಲ, ಜಾಹೀರಾತು. ಅಂಚೆಚೀಟಿಯ ಗಾತ್ರದ ನೂರಾರು ಮುಖಗಳು, ಪ್ರತಿಯೊಂದು ಮುಖದ ಕೆಳಗೆ ಒಂದು ರ‍್ಯಾಂಕು. ಲೆಕ್ಕ ಪರಿಶೋಧಕನ ಮುಂದೆ ಆ ಪುಟವನ್ನು ಇಟ್ಟರೆ ಆತ ಅದಕ್ಕೆ ಸಹಿ ಹಾಕಲಾರ. ಏಕೆಂದರೆ ಅದರಲ್ಲಿ ಜಮೆಯ ಬದಿ ಮಾತ್ರ ಇದೆ, ಖರ್ಚಿನ ಬದಿ ಇಲ್ಲ. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟು ಹೋದರು, ಎಷ್ಟು ಮಂದಿಗೆ ಎಲ್ಲಿಯೂ ಸೀಟು ದೊರೆಯಲಿಲ್ಲ ಎಂಬುದಕ್ಕೆ ಅಲ್ಲಿ ಕಲಮೇ ಇಲ್ಲ. ಇಂದಿನ ಮಾತು ಬರೆಯದೆ ಉಳಿದ ಆ ಬದಿಯನ್ನು ಕುರಿತದ್ದು.

ಈ ಉದ್ಯಮದ ಆರಂಭ ಸಣ್ಣದು. 1979ರಲ್ಲಿ ನೆಲ್ಲೂರಿನಲ್ಲಿ ನಾರಾಯಣ, 1986ರಲ್ಲಿ ವಿಜಯವಾಡದಲ್ಲಿ ಶ್ರೀ ಚೈತನ್ಯ ಸಂಸ್ಥೆಗಳು ಹುಟ್ಟಿದವು. ಆಂಧ್ರಪ್ರದೇಶದಲ್ಲಿ ಎಂಸೆಟ್ ಆರಂಭವಾದುದೂ ಆ ದಶಕದಲ್ಲಿಯೇ. ಹೈದರಾಬಾದಿನ ನಲ್ಲಕುಂಟದಲ್ಲಿ ಚುಕ್ಕಾ ರಾಮಯ್ಯನವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಬಳಿಕ ನಡೆಸಿದ ತರಗತಿಗಳು ಎಷ್ಟು ಹೆಸರಾದವೆಂದರೆ, ಜನ ಅವರನ್ನು ‘ಐಐಟಿ ರಾಮಯ್ಯ’ ಎಂದೇ ಕರೆದರು. ಅಲ್ಲಿ ಸೇರಲೂ ಒಂದು ಪ್ರವೇಶ ಪರೀಕ್ಷೆ ಇತ್ತು. ಆ ಪರೀಕ್ಷೆಗೆ ಸಿದ್ಧಗೊಳಿಸುವ ಬೇರೆ ತರಗತಿಗಳೂ ನಗರದಲ್ಲಿ ಹುಟ್ಟಿಕೊಂಡವು. ತರಬೇತಿಗೇ ತರಬೇತಿ ಬೇಕಾದ ದಿನವೇ ವ್ಯವಸ್ಥೆಯ ಮುಂದಿನ ದಾರಿ ಗೋಚರಿಸಿತ್ತು. ಇಂದು ಇಂಟರ್‌ಮೀಡಿಯೆಟ್ ಕಾಲೇಜು, ವಸತಿನಿಲಯ, ತರಬೇತಿ ಮೂರೂ ಒಂದೇ ಸೂರಿನಡಿ, ಒಂದೇ ರಸೀದಿಯಲ್ಲಿ ಮಾರಾಟವಾಗುತ್ತವೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ಕುಟುಂಬಗಳಿಗೆ ವ್ಯಾಪಾರಕ್ಕೂ ಆಸ್ಪತ್ರೆಗೂ ಹತ್ತಿರದ ಮಹಾನಗರವಾಗಿದ್ದ ಹೈದರಾಬಾದು ಈಗ ಮಕ್ಕಳ ಭವಿಷ್ಯಕ್ಕೂ ಅಂಥದೇ ಆಗಿದೆ.

ಇನ್ನು ಅಂಕಿಗಳನ್ನು ನೋಡೋಣ. 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಅಧಿಕ. ಆ ವರ್ಷ ಐಐಟಿಗಳಲ್ಲಿದ್ದ ಸೀಟುಗಳು 17,740. ಅಂದರೆ ಸುಮಾರು 80 ಮಂದಿಗೆ ಒಂದು ಸೀಟು. ಅದೇ ವರ್ಷ ನೀಟ್ ಬರೆದವರು 23 ಲಕ್ಷಕ್ಕೂ ಅಧಿಕ. ದೇಶದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಒಂದು ಮಗುವಿಗೆ ಒಳ್ಳೆಯ ತರಬೇತಿಯಿಂದ ಲಾಭವಾಗಬಹುದು, ಅದು ಸುಳ್ಳಲ್ಲ. ಆದರೆ ಎಲ್ಲ ಮಕ್ಕಳೂ ತರಬೇತಿ ಪಡೆದರೆ ಸೀಟುಗಳು ಒಂದೂ ಹೆಚ್ಚುವುದಿಲ್ಲ; ಪ್ರತಿ ಸೀಟಿನ ಹಿಂದೆ ಸಮಾಜ ಸುರಿಯುವ ಹಣ ಮಾತ್ರ ಹೆಚ್ಚುತ್ತದೆ. ಜಾತ್ರೆಯಲ್ಲಿ ಮುಂದಿನ ಸಾಲಿನವರು ಎದ್ದು ನಿಂತರೆ ಹಿಂದಿನವರೆಲ್ಲ ಎದ್ದು ನಿಲ್ಲಬೇಕಾಗುತ್ತದೆ. ತೇರು ಮಾತ್ರ ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ.

ಮನೆಯ ಲೆಕ್ಕವನ್ನೂ ಬಿಡಿಸಿ ನೋಡಬೇಕು. ತರಬೇತಿ ಕೇಂದ್ರದ ಶುಲ್ಕದ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ಮಾನ್ಯತೆ ಪಡೆದ ಶಾಲೆಯ ಶಿಕ್ಷಣಕ್ಕೆ ಅದು ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಕಲಂ ಬೋಧನಾ ಶುಲ್ಕಕ್ಕೆ ವಿನಾಯಿತಿ ಕೊಟ್ಟುದು ಶಾಲೆ, ಕಾಲೇಜುಗಳ ಪೂರ್ಣಾವಧಿ ಶಿಕ್ಷಣಕ್ಕೆ, ಖಾಸಗಿ ತರಬೇತಿಗಲ್ಲ. ಹೀಗೆ ರಾಜ್ಯವು ತರಬೇತಿಯನ್ನು ಶಿಕ್ಷಣವೆಂದು ಒಪ್ಪುವುದಿಲ್ಲ, ಸರಕೆಂದು ಒಪ್ಪಿ ತೆರಿಗೆ ಪಡೆಯುತ್ತದೆ. ಆದರೆ ಆ ಸರಕಿಲ್ಲದೆ ದಾಟಲಾಗದಂಥ ಪರೀಕ್ಷೆಯನ್ನು ತಾನೇ ನಡೆಸುತ್ತದೆ. ಈ ವಿರೋಧಾಭಾಸಕ್ಕೆ ಉತ್ತರ ಹೇಳಬೇಕಾದವರು ಪೋಷಕರಲ್ಲ, ಸರ್ಕಾರ.

ನೀತಿಯ ಆಯ್ಕೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಎರಡು ನೆರೆರಾಜ್ಯಗಳ ಉದಾಹರಣೆ ಸಾಕು. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಅಂಕಗಳೂ ಪಿಯುಸಿ ಅಂಕಗಳೂ ಅರ್ಧರ್ಧ ಪರಿಗಣಿತವಾಗುತ್ತವೆ. ತೆಲಂಗಾಣದಲ್ಲಿ ಇಂಟರ್ ಅಂಕಗಳಿಗೆ ಶೇ 25ರ ತೂಕವಿತ್ತು. ಈಗ ಅದನ್ನೂ ತೆಗೆದುಹಾಕಲಾಗಿದೆ. ಎರಡು ವರ್ಷಗಳ ಕಲಿಕೆಗೆ ಬೆಲೆಯಿಲ್ಲ, ಮೂರು ಗಂಟೆಗಳ ಪರೀಕ್ಷೆಗೆ ಎಲ್ಲ ಬೆಲೆ ಎಂದಾದಾಗ ಪ್ರಯೋಗಶಾಲೆಯ ಬಾಗಿಲಿಗೆ ಬೀಗ ಬೀಳುವುದು ಸಹಜ. ಭಾಷೆಯ ಮಾತೂ ಹೀಗೆಯೇ. ನೀಟ್ ಮತ್ತು ಜೆಇಇ ಮೇನ್ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಬಹುದು. ಜೆಇಇ ಅಡ್ವಾನ್ಸ್‌ಡ್ ಮಾತ್ರ ಇಂಗ್ಲಿಷು, ಹಿಂದಿಗಳಲ್ಲಿ ಮಾತ್ರ. ಮೊದಲ ಮೆಟ್ಟಿಲಲ್ಲಿ ಒಪ್ಪಿದ ಭಾಷೆಯನ್ನು ಎರಡನೆಯ ಮೆಟ್ಟಿಲಲ್ಲಿ ನಿರಾಕರಿಸುವುದು ನ್ಯಾಯವಲ್ಲ.

ಖರ್ಚಿನ ಬದಿಯಲ್ಲಿ ಹಣಕ್ಕಿಂತ ಭಾರವಾದ ಕಲಮು ಇನ್ನೊಂದಿದೆ. ಕಾರ್ಪೊರೇಟ್ ಕಾಲೇಜುಗಳ ವಿದ್ಯಾರ್ಥಿಗಳ ಆತ್ಮಹತ್ಯೆಗಳನ್ನು ಕುರಿತು ಅವಿಭಜಿತ ಆಂಧ್ರಪ್ರದೇಶ ಸರ್ಕಾರವು 2001ರಷ್ಟು ಹಿಂದೆಯೇ ನೀರದಾ ರೆಡ್ಡಿ ಸಮಿತಿಯನ್ನು ನೇಮಿಸಿತ್ತು. ಎರಡು ದಶಕಗಳ ಬಳಿಕ, 2022ರಲ್ಲಿ, ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ದಾಖಲಿಸಿದೆ. ಎಲ್ಲದಕ್ಕೂ ಪರೀಕ್ಷೆಯೇ ಕಾರಣವಲ್ಲ. ಆದರೆ ವಿಶಾಖಪಟ್ಟಣದಲ್ಲಿ ನೀಟ್‌ಗೆ ಸಿದ್ಧಳಾಗುತ್ತಿದ್ದ 17 ವರ್ಷದ ಬಾಲಕಿಯ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈ 25ರಂದು 15 ಮಾರ್ಗಸೂಚಿಗಳನ್ನು ಹೊರಡಿಸಬೇಕಾಯಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು, ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬ್ಯಾಚುಗಳಾಗಿ ಬೇರ್ಪಡಿಸಬಾರದು, ಬಹಿರಂಗವಾಗಿ ಅವಮಾನಿಸಬಾರದು ಎಂಬವು ಅವುಗಳಲ್ಲಿ ಸೇರಿವೆ. ವಸತಿನಿಲಯದ ಫ್ಯಾನುಗಳನ್ನು ಹೇಗೆ ಅಳವಡಿಸಬೇಕೆಂದು ದೇಶದ ಅತ್ಯುನ್ನತ ನ್ಯಾಯಪೀಠವೇ ಹೇಳಬೇಕಾದ ಸ್ಥಿತಿಗೆ ಸಮಾಜ ಬಂದು ನಿಂತಿದೆ.

ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿಯೂ ಇದೆ. 16 ವರ್ಷಕ್ಕಿಂತ ಕಿರಿಯರನ್ನು ಸೇರಿಸಿಕೊಳ್ಳಬಾರದು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ತರಗತಿ ಬೇಡ. ವಾರಕ್ಕೊಂದು ರಜೆ ಬೇಕು. ಪೂರ್ಣ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಮರಳಿಸಬೇಕು, ವಸತಿ ಮತ್ತು ಊಟದ ಹಣವನ್ನೂ ಸಹ. ಈ ಕಡೆಯ ಅಂಶ ಅತ್ಯಂತ ಮುಖ್ಯ. ‘ಇಷ್ಟು ಹಣ ಕಟ್ಟಿಯಾಗಿದೆ’ ಎಂಬ ಒಂದೇ ಕಾರಣಕ್ಕೆ ಬಳಲಿದ ಮಗುವನ್ನು ಅಲ್ಲಿಯೇ ಉಳಿಸುವ ತಂದೆತಾಯಂದಿರು ಕಡಿಮೆಯಿಲ್ಲ. ಕಳೆದ ಹಣವನ್ನು ಉಳಿಸಲು ಉಳಿದ ಆಯುಷ್ಯವನ್ನು ಒತ್ತೆಯಿಡುವುದು ಯಾವ ಲೆಕ್ಕಶಾಸ್ತ್ರಕ್ಕೂ ಸಮ್ಮತವಲ್ಲ.

ಪರ್ಯಾಯಗಳಿಲ್ಲವೆಂದಲ್ಲ. ಹೈದರಾಬಾದಿನ ಗೌಲಿದೊಡ್ಡಿಯಲ್ಲಿ ತೆಲಂಗಾಣದ ಸಮಾಜ ಕಲ್ಯಾಣ ವಸತಿ ವಿದ್ಯಾಸಂಸ್ಥೆಯು ದಲಿತ ಕುಟುಂಬಗಳ ಮಕ್ಕಳನ್ನು ಐಐಟಿ, ವೈದ್ಯಕೀಯ ಪ್ರವೇಶಕ್ಕೆ ಸರ್ಕಾರಿ ವೆಚ್ಚದಲ್ಲಿಯೇ ಸಿದ್ಧಗೊಳಿಸಿದೆ. ಬೀದರದಲ್ಲಿ 1989ರಲ್ಲಿ ಸಣ್ಣದಾಗಿ ಆರಂಭವಾದ ಶಾಹೀನ್ ಸಂಸ್ಥೆ ನೀಟ್ ತರಬೇತಿಗೆ ಹೊರರಾಜ್ಯದವರನ್ನೂ ಸೆಳೆಯುತ್ತಿದೆ. ಗಡಿ ಜಿಲ್ಲೆಯ ಮಗು ಮನೆ ಬಿಟ್ಟು ದೂರ ಹೋಗಲೇಬೇಕೆಂಬುದು ವಿಧಿಯಲ್ಲ.

ಜೈನ ಸಮಾಜಕ್ಕೆ ಈ ಕೆಲಸ ಹೊಸದೇನಲ್ಲ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯ ಪರಂಪರೆಯಲ್ಲಿ ವಿದ್ಯಾರ್ಥಿಗಳ ಬೋರ್ಡಿಂಗುಗಳು ನಗರಗಳಲ್ಲಿ ಎದ್ದವು; ಹಳ್ಳಿಯ ಹುಡುಗನಿಗೆ ಊಟವೂ ಇರುವ ಸ್ಥಳವೂ ದೊರೆತರೆ ಓದು ತಾನೇ ನಡೆಯುತ್ತದೆ ಎಂಬುದು ಆ ಹಿರಿಯರ ನಂಬಿಕೆಯಾಗಿತ್ತು. ಇಂದು ಸಮಾಜದ ಸಂಸ್ಥೆಗಳು ವರ್ಷಕ್ಕೊಮ್ಮೆ ರ‍್ಯಾಂಕು ಪಡೆದವರಿಗೆ ಶಾಲು ಹೊದಿಸುತ್ತವೆ. ರ‍್ಯಾಂಕು ಬಾರದ ಮಗು ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುತ್ತದೆ. ಆ ಸಮಾರಂಭದ ಹಣದಲ್ಲಿ ಅರ್ಧವನ್ನಾದರೂ ಬೇರೆಡೆಗೆ ತಿರುಗಿಸಬಹುದು. ಹತ್ತನೆಯ ತರಗತಿ ಮುಗಿಸಿದ ಬಡ ಮಕ್ಕಳಿಗೆ ಊರಿನಲ್ಲಿಯೇ ಗಣಿತ, ವಿಜ್ಞಾನಗಳ ಸಂಜೆ ತರಗತಿ ನಡೆಯಲಿ. ಶುಲ್ಕ ಕಟ್ಟುವ ಮುನ್ನ ಮರುಪಾವತಿಯ ಕರಾರನ್ನು ಓದಿ ಹೇಳಬಲ್ಲ ಒಬ್ಬರು ಸಂಸ್ಥೆಯಲ್ಲಿರಲಿ. ಸೀಟು ಸಿಗದ ಮಗುವಿನೊಡನೆ ಬಿಎಸ್‌ಸಿ, ಬಿಕಾಂ, ಡಿಪ್ಲೊಮಾಗಳ ದಾರಿಯನ್ನು ಕುಳಿತು ಮಾತಾಡುವ ಒಬ್ಬ ಹಿರಿಯರಿರಲಿ.

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಜೊತೆಗೆ ಅಭಯದಾನವೂ ಒಂದು. ಶುಲ್ಕ ಕಟ್ಟುವುದನ್ನು ಶಾಸ್ತ್ರದಾನವೆಂದು ಬಗೆಯುವವರು ಎರಡನೆಯದನ್ನು ಮರೆಯಬಾರದು. ರ‍್ಯಾಂಕು ಬಾರದಿದ್ದರೂ ಮನೆಯ ಬಾಗಿಲು ತೆರೆದೇ ಇರುತ್ತದೆಂದು ಮಗುವಿಗೆ ಪರೀಕ್ಷೆಗೆ ಮೊದಲೇ, ಬಾಯಿಬಿಟ್ಟು ಹೇಳುವುದೇ ಆ ದಾನ. ಅದಕ್ಕೆ ಜಿಎಸ್‌ಟಿಯೂ ಇಲ್ಲ, ಕಂತೂ ಇಲ್ಲ.